ಕಾಡಿಗೆ ಹೊರಟವನಿಗೆ ಎಂಥಾ ಚಾಕು?

ಹೋದ ತಿಂಗಳು ಒಂದು ಸಂಜೆ ಮಗ ಮೊಬೈಲು ತಂದು ಮುಖದ ಮುಂದೆ ಹಿಡಿದು, "ಇದು ತಗೊಳ್ಲಾ?" ಅಂದ. ನೋಡಿದರೆ ಕಪ್ಪು ಬಣ್ಣದ ದೊಡ್ಡ ಚಾಕು. ಹತ್ತು ಇಂಚಿನ ಅಲಗು. ಬೆನ್ನಿಗೆ ಗರಗಸದ ಹಲ್ಲು. ಹಿಡಿ ಟೊಳ್ಳು, ತಿರುಪು ಬಿಚ್ಚಿದರೆ ಒಳಗೆ ಬೆಂಕಿಕಡ್ಡಿ, ಗಾಳ, ದಾರ. ತುದಿಯಲ್ಲಿ ದಿಕ್ಸೂಚಿ ಬೇರೆ! ಬೆಲೆ ಎರಡೂವರೆ ಸಾವಿರ, ಅದೂ ರಿಯಾಯಿತಿ ಕಳೆದು.

ಕಾಲೇಜಿನ ನಾಲ್ಕು ಹುಡುಗರು ಸೇರಿಕೊಂಡು ಚಂದೌಲಿ ಕಡೆಯ ಕಾಡಿನಲ್ಲಿ ಎರಡು ರಾತ್ರಿ ಕಳೆಯೋ ಪ್ಲಾನು ಹಾಕಿದ್ದರು. ಕಾಡಿನಲ್ಲಿ ಸಿಗೋದರಿಂದಲೇ ಬೆಂಕಿ ಮಾಡೋದು, ಗೂಟ ಕೆತ್ತೋದು, ಮಾಡು ಕಟ್ಟೋದು, ಅಡುಗೆ ಬೇಯಿಸೋದು. ಇದಕ್ಕೆ ಬುಶ್‌ಕ್ರಾಫ್ಟ್ ಅಂತಾರಂತೆ. ನಮ್ಮ ಸಾಗರದ ಕಡೆ ಇದಕ್ಕೆ ಹೆಸರೇ ಇರಲಿಲ್ಲ. ಬೆಳಗಾದರೆ ಮಾಡೋ ಕೆಲಸಕ್ಕೆ ಯಾರಾದರೂ ಹೆಸರಿಡ್ತಾರಾ?

"ಬೇಡ" ಅಂದೆ. "ನಿನಗೇನು ಗೊತ್ತು, ನೀನು ಆಫೀಸಲ್ಲಿ ಕೂತ್ಕೊಳ್ಳೋನು" ಅಂದ, ಅರ್ಧ ಬನಾರಸಿ ಬೆರೆತ ಅವನ ಕನ್ನಡದಲ್ಲಿ. ನಾನು ಉತ್ತರ ಕೊಡಲಿಲ್ಲ. ಎಡಗೈ ಚಾಚಿ ತೋರಿಸಿದೆ. ಅಂಗೈಯಲ್ಲಿ ಒಂದು ಹಳೇ ಗಾಯದ ಗೆರೆ ಇದೆ, ತೋರುಬೆರಳು ಪೂರ್ತಿ ಮಡಚೋದಿಲ್ಲ. ಹುಟ್ಟಿದಾಗಿಂದ ನೋಡ್ತಾ ಇದ್ದಾನೆ, ಯಾಕೆ ಅಂತ ಯಾವತ್ತೂ ಕೇಳಿರಲಿಲ್ಲ. ಅವತ್ತು ಹೇಳಿದೆ.

ಅವನು ಇನ್ನೂ ತೊಟ್ಟಿಲಲ್ಲಿದ್ದ ದಿನಗಳು. ಗೆಳೆಯರ ಜತೆ ಅಹರೌರಾ ಹತ್ತಿರದ ಲಖನಿಯಾ ದರಿ ಜಲಪಾತಕ್ಕೆ ಹೋಗಿದ್ದೆ. ಪೇಟೆಯ ಅಂಗಡಿಯೊಂದರಲ್ಲಿ ಇಂಥದ್ದೇ ಟೊಳ್ಳು ಹಿಡಿಯ ಚಾಕು ಕೊಂಡಿದ್ದೆ. ಬಾಟಿ ಸುಡೋದಕ್ಕೆ ಸೌದೆ ಸೀಳಬೇಕಿತ್ತು. ಕೊರಡಿನ ಮೇಲೆ ಚಾಕು ಇಟ್ಟು, ಬೆನ್ನಿಗೆ ಇನ್ನೊಂದು ಕಟ್ಟಿಗೆಯಿಂದ ಹೊಡೆದೆ. ಮೂರನೇ ಏಟಿಗೆ ಅಲಗು ಹಿಡಿಯ ಬುಡದಲ್ಲಿ ಕಡ್ಡಿ ಮುರಿದ ಹಾಗೆ ಮುರಿದು, ತಿರುಗಿ ಬಂದು ಕೊರಡು ಹಿಡಿದಿದ್ದ ಕೈಗೇ ಹೊಕ್ಕಿತು. ಅಲ್ಲಿಂದ ಆಸ್ಪತ್ರೆ ಸೇರೋದಕ್ಕೆ ಒಂದೂವರೆ ಗಂಟೆ, ಐದು ಹೊಲಿಗೆ. ಮುರಿದ ಜಾಗ ಆಮೇಲೆ ನೋಡಿದೆ. ಹಿಡಿಯೊಳಗೆ ಹೋಗಿದ್ದ ಬಾಲ ಒಂದು ಇಂಚೂ ಇರಲಿಲ್ಲ, ನನ್ನ ಕಿರುಬೆರಳಿಗಿಂತ ಸಣ್ಣ!

ಹಾಗಾಗಿ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ವರ್ಷಕ್ಕೆ ಎರಡು ಸಲ ಕಾಡಿಗೆ ಹೋಗೋ ಪೇಟೆಯವರಿಗೆ ನಾಲ್ಕು ಇಂಚಿನ, ಮಡಚದ, ಸಾದಾ ಚಾಕು ಸಾಕು. ಐನೂರು ರೂಪಾಯಿಯ ಒಳಗೆ ಆಗುತ್ತೆ. ಉಳಿದ ದುಡ್ಡಿಗೆ ಒಂದು ಮಸೆಗಲ್ಲು, ಅದನ್ನು ಬಳಸೋದು ಕಲಿಯೋದಕ್ಕೆ ಒಂದು ವಾರ. ಚಾಕು ಎಷ್ಟು ದೊಡ್ಡದು, ಎಷ್ಟು ದುಬಾರಿ ಅನ್ನೋದಕ್ಕಿಂತ ಅಲಗು ಹಿಡಿಯೊಳಗೆ ಎಲ್ಲಿತನಕ ಹೋಗಿದೆ, ಬಾಯಿ ಎಷ್ಟು ಹರಿತ ಅನ್ನೋದೇ ಮುಖ್ಯ.

"ನೀವು ಮಲೆನಾಡಿನವರು, ಕತ್ತಿ ಹಿಡಿದೇ ಹುಟ್ಟಿದವರು, ನಿಮಗೆ ನಾಲ್ಕು ಇಂಚು ಸಾಕಾ?" ಅಂತ ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನಮ್ಮನೆಯಲ್ಲಿ ಅಲಗುಗಳಿಗೇನು ಬರ ಇರಲಿಲ್ಲ. ಅಪ್ಪನ ಸೊಂಟದ ಕೊಕ್ಕೆಯಲ್ಲಿ ಕತ್ತಿ. ಅಡಿಕೆ ಸುಲಿಯೋದಕ್ಕೆ ಮೆಟ್ಟುಗತ್ತಿ. ಗದ್ದೆಗೆ ಕುಡುಗೋಲು. ಅಡುಗೆಮನೆಯಲ್ಲಿ ಈಳಿಗೆಮಣೆ. ಕೊಡಗಿನಲ್ಲಾದರೆ ಬೆನ್ನಿಗೆ ಸಿಕ್ಕಿಸೋ ಒಡಿಕತ್ತಿ ಬೇರೆ, ಸೊಂಟದ ಮುಂದಿನ ಪೀಚೆಕತ್ತಿ ಬೇರೆ. ಗಮನಿಸಿ, ಒಂದು ಕೆಲಸಕ್ಕೆ ಒಂದು ಅಲಗು. ಎಲ್ಲಾ ಕೆಲಸಕ್ಕೂ ಒಂದೇ ಚಾಕು ಅನ್ನೋದು ನಮ್ಮ ಹಿರಿಯರ ತಲೆಗೆ ಹೊಳೆದೇ ಇರಲಿಲ್ಲ. ಗರಗಸ, ಕೊಡಲಿ, ಚಾಕು, ದಿಕ್ಸೂಚಿ ಎಲ್ಲಾ ಒಂದರಲ್ಲೇ ಅಂದರೆ ಯಾವುದೂ ಸರಿಯಿಲ್ಲ ಅಂತಲೇ ಅರ್ಥ. ಚಾಕುವಿನ ಬೆನ್ನಿನ ಆ ಹಲ್ಲಿನಲ್ಲಿ ಬೆರಳು ಗಾತ್ರದ ಕೊಂಬೆ ಕೊಯ್ಯೋದೂ ಕಷ್ಟ. ನೂರೈವತ್ತು ರೂಪಾಯಿಯ ತೋಟದ ಗರಗಸ ಆ ಕೆಲಸ ಹತ್ತು ಪಟ್ಟು ಚೆನ್ನಾಗಿ ಮಾಡುತ್ತೆ.

ಅಪ್ಪನ ಕತ್ತಿಯನ್ನ ನಾನು ಇಪ್ಪತ್ತು ವರ್ಷದ ಹಿಂದೆ ಟ್ರಂಕಿನ ತಳದಲ್ಲಿ, ಪಂಚೆಯಲ್ಲಿ ಸುತ್ತಿ ಸಾರನಾಥಕ್ಕೆ ತಂದೆ. ತೆಂಗಿನಕಾಯಿ ಸುಲಿಯೋದಕ್ಕೆ ಅಂತ ಹಿತ್ತಿಲಲ್ಲಿ ಒಂದು ದಿನ ಹೊರಗೆ ತೆಗೆದಿದ್ದೇ ತಡ, ಪಕ್ಕದ ಮನೆಯವರು ಎರಡು ದಿನ ಮಾತಾಡಲಿಲ್ಲ! ಈ ಊರಲ್ಲಿ "ಕತ್ತಿ" ಅಂದ ಕೂಡಲೇ ಅರ್ಥ ಆಗೋದು ಟಿಬೆಟನ್ ವಿಶ್ವವಿದ್ಯಾಲಯದಲ್ಲಿ ಓದೋದಕ್ಕೆ ಬರೋ ಬೈಲಕುಪ್ಪೆ, ಮುಂಡಗೋಡಿನ ಹುಡುಗರಿಗೆ ಮಾತ್ರ. ಅವರಲ್ಲೊಬ್ಬ ಅದನ್ನ ಕೈಯಲ್ಲಿ ತೂಗಿ ನೋಡಿ, "ನಮ್ಮ ಕ್ಯಾಂಪಲ್ಲೂ ಇಂಥದ್ದೇ ಸಾರ್, ಜೋಳದ ದಂಟಿಗೆ" ಅಂದಿದ್ದ. ಆ ದಿನ ನನಗೆ ಊರಿಗೆ ಹೋಗಿ ಬಂದಷ್ಟು ಖುಷಿ.

ಆದರೆ ಮಗನಿಗೆ ಆ ಕತ್ತಿ ಕೊಡಲಿಲ್ಲ. ಅದು ದಿನವೂ ತೋಟದಲ್ಲಿ ಜಿಗ್ಗು ಸವರೋರ ಅಲಗು. ಅದರ ಭಾರವೇ ಅದರ ಬಲ, ಬೀಸೋದಕ್ಕೆ ಅಭ್ಯಾಸ ಬೇಕು. ಎರಡು ರಾತ್ರಿ ಬಯಲಲ್ಲಿ ಮಲಗೋರು ನಿಜವಾಗಿ ಮಾಡೋ ಕೆಲಸ ಏನು ಹೇಳಿ? ಹಗ್ಗ ಕೊಯ್ಯೋದು, ಈರುಳ್ಳಿ ಹೆಚ್ಚೋದು, ಗುಡಾರದ ಗೂಟಕ್ಕೆ ಮೊನೆ ಮಾಡೋದು, ಬೆಂಕಿ ಹತ್ತಿಸೋದಕ್ಕೆ ಒಣ ಕಡ್ಡಿಯಿಂದ ತೆಳು ಚಕ್ಕೆ ಎಬ್ಬಿಸೋದು. ಇಷ್ಟೇ. ಇದಕ್ಕೆಲ್ಲ ಅಲಗು ನಮ್ಮ ಅಂಗೈಯ ಅಗಲದಷ್ಟು ಉದ್ದ ಇದ್ದರೆ ಸಾಕು. ಉದ್ದ ಹೆಚ್ಚಾದಷ್ಟೂ ಮೊನೆ ಕೈಯ ಹಿಡಿತದಿಂದ ದೂರ ಹೋಗುತ್ತೆ, ನಮ್ಮದೇ ತೊಡೆಗೆ ಹತ್ತಿರ ಬರುತ್ತೆ.

ಮಡಚೋ ಚಾಕು ಯಾಕೆ ಬೇಡ? ಉತ್ತರ ಪ್ರದೇಶದಲ್ಲಿ ಕೂತು ಈ ಮಾತು ಹೇಳೋದು ಸ್ವಲ್ಪ ಧೈರ್ಯದ ಕೆಲಸವೇ. ರಾಂಪುರಿ ಚಾಕುವಿನ ರಾಜ್ಯ ಇದು. ರಾಂಪುರದವರು 2023ರಲ್ಲಿ ಊರ ಚೌಕದಲ್ಲಿ ಇಪ್ಪತ್ತು ಅಡಿಯ ಚಾಕುವನ್ನೇ ನಿಲ್ಲಿಸಿದ್ದಾರೆ. ಕುಶಲ ಕೆಲಸ ಅದು, ಇಲ್ಲ ಅನ್ನೋದಿಲ್ಲ. ಆದರೆ ಮಡಚೋ ಚಾಕುವಿನ ಪ್ರಾಣ ಒಂದು ಸಣ್ಣ ಮೊಳೆಯಲ್ಲಿದೆ. ಸೇಬು ಹೆಚ್ಚೋದಕ್ಕೆ ಸರಿ. ಕಟ್ಟಿಗೆಗೆ ಒತ್ತಿ ತಿರುಚಿದರೆ ಆ ಮೊಳೆ ಸಡಿಲ ಆಗುತ್ತೆ, ಬೀಗ ಜಾರಿದರೆ ಅಲಗು ಮುಚ್ಚಿಕೊಳ್ಳೋದು ನಮ್ಮ ಬೆರಳ ಮೇಲೇ. ಮಣ್ಣು, ಅಂಟು, ಈರುಳ್ಳಿ ರಸ ಆ ಸಂದಿಯಲ್ಲಿ ಸೇರಿಕೊಂಡರೆ ತೊಳೆಯೋದೂ ಕಷ್ಟ.

ಹಾಗಾದರೆ ನೋಡಬೇಕಾದ್ದೇನು? ನನ್ನ ಲೆಕ್ಕ ಹೀಗಿದೆ.

ಮೊದಲು ಬಾಲ. ಅಲಗಿನ ಲೋಹ ಹಿಡಿಯ ತುದಿ ತನಕ ಹೋಗಿರಬೇಕು, ಕಡಿಮೆ ಅಂದರೆ ಅರ್ಧಕ್ಕಿಂತ ಹೆಚ್ಚು. ಎರಡು ಕಡೆ ಮರದ ಹಲ್ಲೆ ಇಟ್ಟು ಮೊಳೆ ಹೊಡೆದಿದ್ದರೆ ಕಣ್ಣಿಗೇ ಕಾಣುತ್ತೆ. ಅಲಗು ಸಣ್ಣಗಾಗಿ ಹಿಡಿಯೊಳಗೆ ಸೇರೋ ಜಾಗ ಗುಂಡಗೆ ತಿರುಗಿರಬೇಕು. ಕಾಟುಕೋನ ಇದ್ದರೆ ಏಟಿನ ಬಲ ಎಲ್ಲ ಆ ಮೂಲೆಗೇ ಬಂದು ಬಿರುಕು ಅಲ್ಲೇ ಶುರುವಾಗುತ್ತೆ. ನನ್ನ ಅಂಗೈಯ ಗೆರೆ ಇದಕ್ಕೆ ಸಾಕ್ಷಿ.

ಎರಡನೇದು ದಪ್ಪ. ಎರಡೂವರೆಯಿಂದ ಮೂರು ಮಿಲಿಮೀಟರ್. ಐದು ಆರು ಮಿಲಿಮೀಟರಿನ ಅಲಗು ನೋಡೋದಕ್ಕೆ ಗಂಭೀರವಾಗಿರುತ್ತೆ, ಆದರೆ ಆಲೂಗಡ್ಡೆ ಹೆಚ್ಚೋದಕ್ಕೆ ಹೋದರೆ ಹೆಚ್ಚೋದಿಲ್ಲ, ಒಡೆಯುತ್ತೆ.

ಮೂರನೇದು ಉಕ್ಕು. ಅಲಗಿನ ಮೇಲೆ ಬರೀ "ಸ್ಟೇನ್‌ಲೆಸ್" ಅಂತ ಬರೆದಿದ್ದರೆ ಏನೂ ಬರೆದಿಲ್ಲ ಅಂತಲೇ ತಿಳ್ಕೊಳ್ಳಿ. ತಟ್ಟೆ ಲೋಟವೂ ಸ್ಟೇನ್‌ಲೆಸ್ಸೇ. ಯಾವ ದರ್ಜೆ, ಎಷ್ಟು ಗಡಸು ಅಂತ ಹೇಳಿರಬೇಕು. ರಾಕ್‌ವೆಲ್ ಅಳತೆಯಲ್ಲಿ 56ರಿಂದ 59 ಇದ್ದರೆ ಇಂಥ ಕೆಲಸಕ್ಕೆ ಒಳ್ಳೇದು. ತುಕ್ಕು ಹಿಡಿಯೋ ಸಾದಾ ಇಂಗಾಲದ ಉಕ್ಕು ಮಸೆಯೋದಕ್ಕೆ ಸುಲಭ, ಬೆಲೆಯೂ ಕಡಿಮೆ. ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿಟ್ಟರೆ ಕಾಶಿಯ ಮಳೆಗಾಲವನ್ನೂ ದಾಟುತ್ತೆ. ಮುಂಬೈ, ಚೆನ್ನೈ ಕಡೆ ಸಮುದ್ರದ ಪಕ್ಕ ಇರೋ ನಮ್ಮವರು, ಎಣ್ಣೆ ಸವರೋ ಅಭ್ಯಾಸ ಇಲ್ಲದವರು, ದರ್ಜೆ ನೋಡಿ ಸ್ಟೇನ್‌ಲೆಸ್ಸೇ ತಗೊಳ್ಳಿ. ಅದರಲ್ಲಿ ಅವಮಾನ ಏನಿಲ್ಲ.

ನಾಲ್ಕನೇದು ಒರೆ. ಇದನ್ನ ಯಾರೂ ನೋಡೋದೇ ಇಲ್ಲ. ಚಾಕು ಒಳಗೆ ಹಾಕಿ ತಲೆಕೆಳಗೆ ಮಾಡಿ ಅಲ್ಲಾಡಿಸಿ. ಬಿದ್ದರೆ ಆ ಚಾಕು ಬೇಡ.

ಕೊಂಡೇ ಕೊಳ್ಳೋದಾದರೆ ಸ್ವೀಡನ್ನಿನ ಮೋರಾ ಚಾಕು ಒಂದು ಒಳ್ಳೇ ಅಳತೆಗೋಲು. 1891ರಿಂದ ಮೋರಾ ಅನ್ನೋ ಊರಿನ ಹತ್ತಿರ ಮಾಡ್ತಾ ಬಂದಿದ್ದಾರೆ. ಅವರ ಸಾಮಾನ್ಯ ಮಾದರಿಯ ಅಲಗು ಸುಮಾರು ಹತ್ತು ಸೆಂಟಿಮೀಟರ್ ಉದ್ದ, ಎರಡೂವರೆ ಮಿಲಿಮೀಟರ್ ಆಸುಪಾಸು ದಪ್ಪ, ಪ್ಲಾಸ್ಟಿಕ್ ಹಿಡಿ, ಪ್ಲಾಸ್ಟಿಕ್ ಒರೆ. ನೋಡಿದರೆ ಬಡಗಿಯ ಸಾಮಾನಿನ ಹಾಗಿದೆ, ಇರೋದೂ ಅದೇ. ಬಾಯಿಯ ಇಳಿಜಾರು ಒಂದೇ ಸಮತಟ್ಟು, ಹಾಗಾಗಿ ಅದನ್ನೇ ಕಲ್ಲಿನ ಮೇಲೆ ಚಪ್ಪಟೆ ಇಟ್ಟು ಉಜ್ಜಿದರೆ ಸಾಕು, ಕೋನ ತಪ್ಪೋದಿಲ್ಲ. ಹೊಸಬರಿಗೆ ಇದಕ್ಕಿಂತ ಅನುಕೂಲ ಇಲ್ಲ. ಅದರ ಬಾಲ ಹಿಡಿಯ ತುದಿ ತನಕ ಹೋಗೋದಿಲ್ಲ, ಹಾಗಾಗಿ ಕೊರಡು ಸೀಳೋದಕ್ಕೆ ಅಲ್ಲ, ಕೆತ್ತೋದಕ್ಕೆ. ಅಮೆರಿಕದಲ್ಲಿರೋ ನಮ್ಮವರಿಗೆ ಇದು ಅಗ್ಗದ ಚಾಕು. ಇಲ್ಲಿಗೆ ಬರೋ ಹೊತ್ತಿಗೆ ಅಷ್ಟು ಅಗ್ಗ ಉಳಿಯೋದಿಲ್ಲ ಅನ್ನೋದೇ ತಕರಾರು.

ಅದಕ್ಕೇ ನಾನು ಮಗನನ್ನ ಕರೆದುಕೊಂಡು ಆಶಾಪುರದ ಕಡೆಯ ಲೋಹಾರನ ಹತ್ತಿರ ಹೋದೆ. ರಸ್ತೆ ಪಕ್ಕ ತಗಡಿನ ಮಾಡು, ಒಂದು ಕುಲುಮೆ, ಕೈಯಲ್ಲಿ ತಿರುಗಿಸೋ ಗಾಳಿಯಂತ್ರ. ಕುಡುಗೋಲು, ಖುರ್ಪಿ, ಗಂಡಾಸ ಮಾಡೋ ಮನುಷ್ಯ. ನಮ್ಮೂರ ಆಚಾರಿ ಲಾರಿಯ ಹಳೇ ಸ್ಪ್ರಿಂಗ್ ಪ್ಲೇಟಿನಿಂದಲೇ ಕತ್ತಿ ಮಾಡ್ತಿದ್ದ. ಇವನೂ ಅದನ್ನೇ ಬಳಸೋದು, ಇಲ್ಲಿ ಅದಕ್ಕೆ ಕಮಾನಿ ಅಂತಾರೆ. ನೂರಕ್ಕೆ ಅರ್ಧ ಪಾಲಿಗಿಂತ ಸ್ವಲ್ಪ ಹೆಚ್ಚು ಇಂಗಾಲ, ಜತೆಗೆ ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ ಇರೋ ಉಕ್ಕು. ಬಾಗಿ ಮತ್ತೆ ನೇರ ಆಗೋದಕ್ಕೇ ಹುಟ್ಟಿದ್ದು. ಆದರೆ ಲಕ್ಷಗಟ್ಟಲೆ ಸಲ ಬಾಗಿ ಸುಸ್ತಾದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಮುರಿದ ಪಟ್ಟಿ ಆದರೆ ಮುರಿದ ತುದಿಯಿಂದ ದೂರದ ತುಂಡು ಕೇಳಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಕಸುಬಿನ ಮುಂದೆ ನಿಂತಾಗ ನನಗೆ ಸ್ವಲ್ಪ ತಲೆ ತಗ್ಗುತ್ತೆ. ಪಕ್ಕದ ಚಂದೌಲಿ ಜಿಲ್ಲೆಯ ಮಲ್ಹಾರದಲ್ಲಿ ಪುರಾತತ್ವಜ್ಞ ರಾಕೇಶ್ ತಿವಾರಿಯವರು ಅಗೆದಾಗ ಕುಲುಮೆಗಳು, ಕಬ್ಬಿಣದ ಕಿಟ್ಟ ಸಿಕ್ಕವು. ಗಂಗಾ ಬಯಲು, ವಿಂಧ್ಯದ ಕಬ್ಬಿಣ ಕ್ರಿ.ಪೂ. 1800ರ ಸುಮಾರಿಗೇ ಹೋಗುತ್ತೆ ಅಂತ ಅವರು 2003ರಲ್ಲಿ ಪ್ರಕಟಿಸಿದರು. ನಮ್ಮ ಹಾವೇರಿ ಜಿಲ್ಲೆಯ ಹಳ್ಳೂರಲ್ಲೂ 1965ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ಅಗೆದಾಗ ಸಿಕ್ಕ ಕಬ್ಬಿಣ ಮೂರು ಸಾವಿರ ವರ್ಷದ ಹಳೇದು. ನಾನು ದಿನವೂ ವಾಕಿಂಗ್ ಹೋಗುವಾಗ ಸುತ್ತು ಹಾಕೋ ಧಮೇಖ್ ಸ್ತೂಪದ ಕಲ್ಲುಗಳನ್ನ ಒಳಗೆ ಬಿಗಿದು ಹಿಡಿದಿರೋದೂ ಕಬ್ಬಿಣದ ಕೊಂಡಿಗಳೇ. ಅಂಥಾ ಕಸುಬಿನವನ ಹತ್ತಿರ ನಾವು ಇಪ್ಪತ್ತು ರೂಪಾಯಿಗೆ ಚೌಕಾಸಿ ಮಾಡ್ತೀವಿ, ಫೋಟೋ ನೋಡಿ ಎರಡೂವರೆ ಸಾವಿರ ಕೊಡ್ತೀವಿ.

ಲೋಹಾರನಿಗೆ ರಟ್ಟಿನಲ್ಲಿ ಆಕಾರ ಕತ್ತರಿಸಿ ಕೊಟ್ಟೆ. ನಾಲ್ಕು ಇಂಚು ಅಲಗು, ನಾಲ್ಕೂವರೆ ಇಂಚು ಹಿಡಿ, ಒಂದೇ ಪಟ್ಟಿ. ಬಡಿದು ತೆಳು ಮಾಡಿದ, ಅರದಿಂದ ತಿದ್ದಿದ. ಕಷ್ಟದ ಭಾಗ ಆಮೇಲೆ. ಇವನಿಗೆ ಖುರ್ಪಿ ಮಾಡಿ ಅಭ್ಯಾಸ, ಕೆಂಪಗೆ ಕಾಸಿ ನೇರ ಬಕೆಟ್ಟಿನ ನೀರಿಗೆ ಅದ್ದೋನು. ಈ ಉಕ್ಕಿನ ತೆಳು ಅಲಗು ನೀರಿನಲ್ಲಿ ಸೀಳಬಹುದು. ಸಾಸಿವೆ ಎಣ್ಣೆ ತಂದುಕೊಟ್ಟೆ, ಸ್ವಲ್ಪ ಬೆಚ್ಚಗೆ ಮಾಡಿ ಅದರಲ್ಲಿ ಅದ್ದು ಅಂದೆ. ನಕ್ಕ. "ಪಕೋಡಾ ಕರೀತೀರಾ?" ಅಂದ. ಎಷ್ಟು ಕಾಸಬೇಕು ಅನ್ನೋದಕ್ಕೆ ಜೇಬಿನಲ್ಲಿ ಒಂದು ಅಯಸ್ಕಾಂತ ಒಯ್ದಿದ್ದೆ. ಉಕ್ಕು ಸುಮಾರು 770 ಡಿಗ್ರಿ ಮುಟ್ಟಿದಾಗ ಅಯಸ್ಕಾಂತಕ್ಕೆ ಅಂಟೋದು ಬಿಡುತ್ತೆ. ಅಲ್ಲಿಂದ ಇನ್ನೂ ಒಂದು ಛಾಯೆ ಕೆಂಪೇರಿಸಿ ಎಣ್ಣೆಗೆ. ಈ ಆಟ ಅವನಿಗೆ ಎಷ್ಟು ಇಷ್ಟವಾಯ್ತು ಅಂದರೆ ಅಯಸ್ಕಾಂತ ಅಲ್ಲೇ ಉಳೀತು!

ಎಣ್ಣೆಯಿಂದ ತೆಗೆದ ಅಲಗು ಗಾಜಿನ ಹಾಗೆ. ಗಡಸು, ಆದರೆ ಬಿದ್ದರೆ ಒಡೆಯುತ್ತೆ. ಮೇಲ್ಮೈ ಉಜ್ಜಿ ಹೊಳಪು ಮಾಡಿ ಮತ್ತೆ ನಿಧಾನ ಕಾಸಬೇಕು, ಒಣ ಗೋಧಿ ಹುಲ್ಲಿನ ಬಣ್ಣ ಬರೋ ತನಕ. ಮನೆಯ ಓವನ್ನಿನಲ್ಲಿ 200 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೂ ಆಗುತ್ತೆ. ನಾವು ಹಾಗೇ ಮಾಡಿದೆವು. ಹೆಂಡತಿ ಅವತ್ತಿಂದ ಆ ಓವನ್ನಿನಲ್ಲಿ ಕೇಕು ಮಾಡಿಲ್ಲ. ಹದ ಸರಿ ಬಂತಾ ಅಂತ ನೋಡೋದಕ್ಕೆ ಅರ ಹಿಡಿದು ಬಾಯಿಯ ಮೇಲೆ ಮೆತ್ತಗೆ ಎಳೆಯಿರಿ. ಅರ ಕಚ್ಚಿ ಪುಡಿ ಉದುರಿಸಿದರೆ ಉಕ್ಕು ಮೆತ್ತಗಿದೆ. ಹೆಚ್ಚು ಕಮ್ಮಿ ಜಾರಿದರೆ ಸರಿಯಿದೆ. ಅಂಗಡಿಯ ಚಾಕುವಿಗೂ, ಸಂತೆಯ ಕತ್ತಿಗೂ ಇದೇ ಪರೀಕ್ಷೆ. ಅಂಗಡಿಯವನು ಬೇಡ ಅಂದರೆ ನೀವೂ ಬೇಡ ಅನ್ನಿ.

ಶೀಶಮ್ ಮರದ ಹಿಡಿ, ಮೂರು ಹಿತ್ತಾಳೆ ಮೊಳೆ. ಒಟ್ಟು ನಾನೂರು ಅಂದ, ನಾನೂರೈವತ್ತು ಕೊಟ್ಟೆ. ಒರೆ ಚಪ್ಪಲಿ ಹೊಲಿಯೋನ ಹತ್ತಿರ ಎಂಬತ್ತು. ಅಂದ ಇಲ್ಲ, ಸುತ್ತಿಗೆಯ ಏಟಿನ ಗುರುತು ಹಾಗೇ ಇದೆ. ಎಲ್ಲರಿಗೂ ಇಷ್ಟು ಓಡಾಟ ಆಗೋದಿಲ್ಲ, ಒಪ್ತೀನಿ. ಓಡಾಟ ಬೇಡ ಅಂದರೆ ಮೇಲಿನ ನಾಲ್ಕು ಪರೀಕ್ಷೆ ಪಾಸಾದ ಸಾದಾ ಚಾಕು ಯಾವುದಾದರೂ ಸರಿ.

ಇನ್ನು ಕಾನೂನು. ಇದನ್ನ ಹೇಳದೇ ಚಾಕು ಕೊಡಿಸೋದು ತಪ್ಪು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗು ಆಯುಧಗಳ ಪಟ್ಟಿಗೆ ಬರುತ್ತೆ. ಮನೆಗೆಲಸ, ಬೇಸಾಯದಂಥ ಕೆಲಸಕ್ಕೆ ಮಾಡಿದ್ದು ಮಾತ್ರ ಹೊರತು. ಕೊಡವರಿಗಿರೋ ವಿನಾಯಿತಿ ಬೇರೆ ಕಥೆ, ಅದನ್ನ ಕೇಂದ್ರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿದೆ. ತೋಟದಲ್ಲಿ ಕತ್ತಿ ಹಿಡಿದವನನ್ನ ಯಾರೂ ಕೇಳೋದಿಲ್ಲ, ಅದೇ ಕತ್ತಿಯ ಜತೆ ರೈಲ್ವೆ ಸ್ಟೇಷನ್ನಿನಲ್ಲಿ ನಿಂತರೆ ಉತ್ತರ ಹೇಳೋದು ಕಷ್ಟ. ಮಗ ತೋರಿಸಿದ ಹತ್ತು ಇಂಚಿನದು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಹುಡುಗರು ಹೊರಟಿದ್ದು ಚಂದ್ರಪ್ರಭಾ ವನ್ಯಧಾಮಕ್ಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಭಯಾರಣ್ಯದೊಳಗೆ ಲಿಖಿತ ಅನುಮತಿ ಇಲ್ಲದೆ ಆಯುಧ ಒಯ್ಯೋ ಹಾಗಿಲ್ಲ, ಮತ್ತು ಆ ಕಾಯ್ದೆಯಲ್ಲಿ "ಆಯುಧ" ಅನ್ನೋ ಪದದ ವಿವರಣೆಯಲ್ಲಿ ಚಾಕುವಿನ ಹೆಸರೇ ಇದೆ. ಅಲ್ಲಿ ಅಳತೆಯ ಮಾತೇ ಇಲ್ಲ, ನಾಲ್ಕು ಇಂಚೂ ಚಾಕುವೇ. ಗಿಡ ಕಡಿಯೋದಂತೂ ಬಿಡಿ. ಶರಾವತಿ ಕಣಿವೆ, ಕುದುರೆಮುಖ, ನಾಗರಹೊಳೆ ಎಲ್ಲಾ ಕಡೆಗೂ ಇದೇ ಕಾಯ್ದೆ. ವಿದೇಶಿ ವಿಡಿಯೋದಲ್ಲಿ ಗಡ್ಡದ ಮನುಷ್ಯ ತನ್ನ ಸ್ವಂತ ಕಾಡಿನಲ್ಲಿ ಮರ ಕಡಿದು ಗುಡಿಸಲು ಕಟ್ಟೋದು ನೋಡಿ ನಾವು ಇಲ್ಲಿ ಶುರು ಮಾಡಿದರೆ ಜೈಲು ಮಾತ್ರ ಅಲ್ಲ, ಇರೋ ನಾಲ್ಕು ಮರವೂ ಹೋಗುತ್ತೆ.

"ಮತ್ತೆ ಈ ಚಾಕು ಯಾಕೆ?" ಅಂದ ಮಗ, ಮುಖ ಸಪ್ಪೆ ಮಾಡಿ. ನಾನು ಸಾರನಾಥ ಅನ್ನೋ ಹೆಸರು ಎಲ್ಲಿಂದ ಬಂತು ಅಂತ ಕೇಳಿದೆ. ಸಾರಂಗನಾಥ, ಜಿಂಕೆಗಳ ಒಡೆಯ. ಬಸುರಿ ಜಿಂಕೆಯ ಬದಲು ತಾನೇ ಕತ್ತಿಗೆ ಕುತ್ತಿಗೆ ಒಡ್ಡಿದ ಜಿಂಕೆರಾಜನ ಕಥೆ ಈ ಊರಿನದ್ದು. ಕಾಶಿಯ ರಾಜ ಅವತ್ತು ಕತ್ತಿ ಕೆಳಗಿಟ್ಟ ಅಂತಾರೆ. ಇಲ್ಲಿ ಬೆಳೆದ ಹುಡುಗನಿಗೆ ಅಲಗನ್ನ ಎಲ್ಲಿ ಹೊರಗೆ ತೆಗೀಬೇಕು, ಎಲ್ಲಿ ತೆಗೀಬಾರದು ಅಂತ ನಾನು ಬೇರೆ ಹೇಳಬೇಕಾ?

ಕೊನೆಗೆ ಅವನ ಗೆಳೆಯನ ಹಳ್ಳಿಯ ಮಾವಿನ ತೋಪಿಗೆ ಹೋದರು. ಅವರದ್ದೇ ಜಾಗ, ಬಿದ್ದ ಒಣ ಕೊಂಬೆ ಬೇಕಾದಷ್ಟು. ಹೋಗೋ ಮುಂಚೆ ಒಂದು ವಾರ ದಿನವೂ ಸಂಜೆ ಹಿತ್ತಿಲಲ್ಲಿ ಕೂರಿಸಿ ಮಸೆಯೋದು ಕಲಿಸಿದೆ. ನೂರಾಎಂಬತ್ತರ ಎರಡು ಮುಖದ ಕಲ್ಲು, ಒರಟು ಕಡೆ ಮೊದಲು, ನಯ ಕಡೆ ಆಮೇಲೆ. ಪ್ರತಿ ಬದಿಗೂ 20 ಡಿಗ್ರಿಯ ಆಸುಪಾಸು, ಒತ್ತಡ ಕಡಿಮೆ, ಎರಡೂ ಬದಿ ಸಮ. ಮೊದಲ ದಿನ ಇದ್ದ ಹರಿತವನ್ನೂ ಕಳೆದ. ನಾಲ್ಕನೇ ದಿನ ಪೇಪರು ಕೊಯ್ತು. ಅವತ್ತು ಅವನ ಮುಖ ನೋಡಬೇಕಿತ್ತು ನೀವು! ಮೊಂಡು ಚಾಕುವೇ ಹೆಚ್ಚು ಅಪಾಯ. ಬಲ ಹಾಕ್ತೀವಿ, ಜಾರುತ್ತೆ, ಕೈಗೆ ಬರುತ್ತೆ. ಇದು ಹೇಳಿದರೆ ತಿಳಿಯೋದಲ್ಲ, ಮಸೆದರೆ ತಿಳಿಯೋದು.

ಜತೆಗೆ ಅಜ್ಜಿ ಹೇಳ್ತಿದ್ದ ಮಾತನ್ನೂ ಹೇಳಿದೆ. ಕತ್ತಿ ಕೈಯಿಂದ ಕೈಗೆ ಕೊಡಬಾರದು, ಜಗಳ ಆಗುತ್ತೆ. ಕೆಳಗಿಡಬೇಕು, ಅವರು ಎತ್ಕೊಬೇಕು. ಚಿಕ್ಕಂದಿನಲ್ಲಿ ಮೂಢನಂಬಿಕೆ ಅಂತ ನಗ್ತಿದ್ದೆ. ಈಗ ಅನಿಸುತ್ತೆ, ಇದಕ್ಕಿಂತ ಒಳ್ಳೇ ಸುರಕ್ಷತಾ ನಿಯಮ ಯಾವ ಪುಸ್ತಕದಲ್ಲೂ ಇಲ್ಲ.

ಭಾನುವಾರ ರಾತ್ರಿ ಹುಡುಗ ವಾಪಸ್ ಬಂದ. ಮೈಯೆಲ್ಲ ಹೊಗೆ ವಾಸನೆ. ಹತ್ತು ಬೆರಳೂ ಸರಿಯಾಗಿದ್ದವು, ಮೊದಲು ಅದನ್ನೇ ಎಣಿಸಿದೆ. ಬ್ಯಾಗಿನಿಂದ ಚಾಕು ತೆಗೆದು ಒರೆಸಿ, ಅಡುಗೆಮನೆಗೆ ಹೋಗಿ ಕೊಬ್ಬರಿ ಎಣ್ಣೆ ಹುಡುಕಿದ. ಸವರಿ, ನನ್ನ ಕೈಗೆ ಕೊಡೋದಕ್ಕೆ ಬಂದವನು ಅರ್ಧಕ್ಕೇ ನಿಂತ. ಮೇಜಿನ ಮೇಲಿಟ್ಟ. ನಾನು ಎತ್ಕೊಂಡೆ.